ವೈಬಿಸಿಓ ಫಿಲ್ಮ್‌ನಲ್ಲಿ ಜಂಕ್ಷನ್: ಸ್ಯಾಂಡ್‌ವಿಚ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಿಯೋಬಿಯಂನ ಎರಡು ಪದರಗಳ ನಡುವೆ ತೆಳು ಅಲ್ಯೂಮಿನಿಯಂ ಆಕ್ಸೈಡ್ ಇಟ್ಟು ಜೋಸೆಫ್ಸನ್ ಜಂಕ್ಷನ್ ಮಾಡುತ್ತಾರೆ, ಅಂದರೆ ಎರಡು ಸೂಪರ್‌ಕಂಡಕ್ಟರ್‌ಗಳ (ಪ್ರತಿರೋಧವಿಲ್ಲದೆ ಕರೆಂಟ್ ಹರಿಸುವ ವಸ್ತುಗಳ) ನಡುವೆ ತೆಳು ತಡೆ ಇರುವ ಕೂಡಿಕೆ. ವೈಬಿಸಿಓ (ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡ್ ಆದ ಸೂಪರ್‌ಕಂಡಕ್ಟರ್) ಫಿಲ್ಮ್‌ನಲ್ಲೂ ಹಾಗೇ ಮಾಡಬಹುದಲ್ವಾ? ಮೊದಲ ಸಲ ಮಾಡುವವರಿಗೆ ಯಾವ ದಾರಿ ಒಳ್ಳೆಯದು?

ಉತ್ತರ: ಮಾಡಲು ನೋಡಿದವರು ಬೇಕಾದಷ್ಟು ಮಂದಿ ಇದ್ದಾರೆ. ತೊಡಕು ಇರುವುದು ಕೊಹೆರೆನ್ಸ್ ಲೆಂತ್‌ನಲ್ಲಿ, ಅಂದರೆ ಎಲೆಕ್ಟ್ರಾನ್ ಜೋಡಿಯ ಹರವಿನಲ್ಲಿ. ನಿಯೋಬಿಯಂನಲ್ಲಿ ಅದು ಸುಮಾರು 38 ನ್ಯಾನೋಮೀಟರ್. ವೈಬಿಸಿಓದಲ್ಲಿ ತಾಮ್ರ-ಆಕ್ಸಿಜನ್ ಹಾಳೆಗಳ ಉದ್ದಕ್ಕೆ 2 ನ್ಯಾನೋಮೀಟರ್ ಆಸುಪಾಸು, ಹಾಳೆಗಳಿಗೆ ಅಡ್ಡಲಾಗಿ ಬರೀ 0.3. ಮಾಮೂಲಿ ಫಿಲ್ಮ್‌ನಲ್ಲಿ ಹಾಳೆಗಳು ಮಲಗಿರುತ್ತವೆ. ಹಾಗಾಗಿ ಸ್ಯಾಂಡ್‌ವಿಚ್‌ನಲ್ಲಿ ಕರೆಂಟ್ ಹರಿಯುವುದು ಈ ಅಡ್ಡ ದಿಕ್ಕಿನಲ್ಲೇ. ಮೇಲ್ಮೈಯ ಒಂದೆರಡು ಪರಮಾಣು ಸಾಲು ಆಕ್ಸಿಜನ್ ಕಳೆದುಕೊಂಡರೂ ಆಟ ಮುಗಿಯಿತು. ಮೇಲಾಗಿ ಎರಡನೇ ಪದರ ಬೆಳೆಯಲು 700 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು, ಆ ಬಿಸಿಗೆ ನಡುವಿನ ತೆಳು ತಡೆ ಕೆಡಬಹುದು.

ಅದಕ್ಕೇ ತಡೆಯನ್ನು ಫಿಲ್ಮ್‌ನ ಒಳಗೇ ಹುಟ್ಟಿಸುತ್ತಾರೆ, ಕರೆಂಟ್ ಹಾಳೆಗಳ ಉದ್ದಕ್ಕೇ ಹೋಗುತ್ತದೆ. ಎರಡು ಹರಳುಕಣಗಳು ಓರೆಯಾಗಿ ಕೂಡಿದ ಕಡೆ ಕೋನ ಹೆಚ್ಚಿದಂತೆ ಕ್ರಿಟಿಕಲ್ ಕರೆಂಟ್ (ಪ್ರತಿರೋಧವಿಲ್ಲದೆ ಹರಿಯಬಲ್ಲ ಗರಿಷ್ಠ ಕರೆಂಟ್) ದಡದಡನೆ ಬೀಳುತ್ತದೆ ಎಂದು ಐಬಿಎಂನವರು 1988ರಲ್ಲಿ ತೋರಿಸಿದ್ದರು. ತಂತಿ ಮಾಡುವವರಿಗೆ ಇದು ತಲೆನೋವು, ನಮಗೆ ಇದೇ ಬೇಕಾದದ್ದು. 24 ಅಥವಾ 30 ಡಿಗ್ರಿ ಓರೆಯಲ್ಲಿ ಬೆಸೆದ ಸ್ಟ್ರಾನ್ಷಿಯಂ ಟೈಟನೇಟ್ ಬೈಕ್ರಿಸ್ಟಲ್ (ಎರಡು ಹರಳು ಕೂಡಿಸಿದ ತಳ) ಸಿದ್ಧವಾಗಿಯೇ ಸಿಗುತ್ತದೆ. ಅದರ ಮೇಲೆ ಫಿಲ್ಮ್ ಬೆಳೆಸಿದರೆ ಕೆಳಗಿನ ಬೆಸುಗೆ ಮೇಲಕ್ಕೂ ಬರುತ್ತದೆ. ಆ ಗೆರೆ ದಾಟುವ ಹಾಗೆ ಕೆಲವು ಮೈಕ್ರೋಮೀಟರ್ ಅಗಲದ ಸೇತುವೆ ಕೊರೆದರೆ ಜಂಕ್ಷನ್ ಸಿದ್ಧ. ಶುರು ಮಾಡುವವರಿಗೆ ನನ್ನ ಸಲಹೆ ಇದೇ. ಜಂಕ್ಷನ್‌ಗಳೆಲ್ಲ ಒಂದೇ ಗೆರೆಯಲ್ಲಿರಬೇಕು, ನಿಜ. ಸ್ಕ್ವಿಡ್‌ಗೆ (ಇಂಥ ಜಂಕ್ಷನ್‌ಗಳಿಂದ ಕಾಂತಕ್ಷೇತ್ರ ಅಳೆಯುವ ಸಾಧನ) ಅಷ್ಟು ಸಾಕು, ದೊಡ್ಡ ಸರ್ಕ್ಯೂಟ್‌ಗೆ ಸಾಲದು.

ಬೇಕಾದ ಜಾಗದಲ್ಲಿ ಜಂಕ್ಷನ್ ಬೇಕೆಂದರೆ ಹೀಲಿಯಂ ಅಯಾನ್ ಕಿರಣವಿದೆ. 2015ರಲ್ಲಿ ಅರ್ಧ ನ್ಯಾನೋಮೀಟರ್‌ನಷ್ಟು ಸಣ್ಣ ಕಿರಣದಿಂದ ಫಿಲ್ಮ್ ಮೇಲೆ ಗೆರೆ ಎಳೆದು ಇದನ್ನು ಸಾಧಿಸಿದರು. ಕಿರಣ ಬಿದ್ದ ಕಡೆ ಪರಮಾಣುಗಳ ಜೋಡಣೆ ಕೆಡುತ್ತದೆ. ಡೋಸ್ ಕಡಿಮೆಯಾದರೆ ತಡೆ ಲೋಹದಂತೆ, ಜಾಸ್ತಿಯಾದರೆ ಇನ್ಸುಲೇಟರ್‌ನಂತೆ. ಇದಕ್ಕೆ ಫಿಲ್ಮ್ ತುಂಬಾ ತೆಳುವಾಗಿರಬೇಕು. ಯಂತ್ರವೂ ಎಲ್ಲ ಲ್ಯಾಬ್‌ಗಳಲ್ಲಿ ಇರುವುದಿಲ್ಲ.

ಯಾವ ದಾರಿ ಹಿಡಿದರೂ ನೀರು ಮತ್ತು ಬಿಸಿಯ ಬಗ್ಗೆ ಹುಷಾರು. ಡೆವಲಪರ್‌ನಲ್ಲಿ (ಫಿಲ್ಮ್ ಮೇಲೆ ವಿನ್ಯಾಸ ಮೂಡಿಸುವಾಗ ಬಳಸುವ ದ್ರವ) ನೀರಿರುತ್ತದೆ, ಸುಮ್ನೆ ನೆನೆಸಿಡಬೇಡಿ. ಫಿಲ್ಮನ್ನು ವ್ಯಾಕ್ಯೂಮ್‌ನಿಂದ ಹೊರತೆಗೆಯುವ ಮೊದಲೇ ಚಿನ್ನದ ಪದರ ಹಾಕಿ. ಆರ್ಗಾನ್ ಅಯಾನ್‌ನಲ್ಲಿ ಕೊರೆಯುವಾಗ ಸ್ಯಾಂಪಲ್ ತಣ್ಣಗಿಡಿ, ಕಾದರೆ ಆಕ್ಸಿಜನ್ ಹೊರಟುಹೋಗುತ್ತದೆ.

ಕೊನೆಗೆ ಪರೀಕ್ಷೆ. 10 ಗಿಗಾಹರ್ಟ್ಸ್ ಮೈಕ್ರೋವೇವ್ ಬಿಟ್ಟಾಗ ಕರೆಂಟ್-ವೋಲ್ಟೇಜ್ ಗ್ರಾಫ್‌ನಲ್ಲಿ ಪ್ರತಿ 20.7 ಮೈಕ್ರೋವೋಲ್ಟ್‌ಗೆ ಒಂದು ಮೆಟ್ಟಿಲು ಕಾಣಬೇಕು. ಕಾಂತಕ್ಷೇತ್ರ ಬದಲಿಸಿದಾಗ ಕ್ರಿಟಿಕಲ್ ಕರೆಂಟ್ ಏರಿಳಿಯಬೇಕು. ಎರಡೂ ಕಾಣದಿದ್ದರೆ ನಿಮ್ಮ ಕೈಲಿರುವುದು ಬಹುಶಃ ಬರೀ ಇಕ್ಕಟ್ಟಾದ ಸೇತುವೆ.