ಟ್ರಂಪೆಟ್ ಏನು ಕೇಳುತ್ತಿದೆ?

ಪ್ರಶ್ನೆ: ಮಗಳ ಮನೆಗೆಂದು ಶಿಕಾಗೋಗೆ ಬಂದಿದ್ದೇನೆ. ಮುಂದಿನ ವಾರ ಒಂದು ಆರ್ಕೆಸ್ಟ್ರಾ ಕಛೇರಿಗೆ ಟಿಕೆಟ್ ತೆಗೆದಿದ್ದಾಳೆ. ಚಾರ್ಲ್ಸ್ ಐವ್ಸ್ ಅವರ ‘ದಿ ಅನ್‌ಆನ್ಸರ್ಡ್ ಕ್ವೆಶ್ಚನ್’, ಫ್ಲಾರೆನ್ಸ್ ಪ್ರೈಸ್ ಅವರ ಮೊದಲ ಸಿಂಫನಿ, ಜೆನಿಫರ್ ಹಿಗ್ಡನ್ ಅವರ ‘ಬ್ಲೂ ಕೆಥೀಡ್ರಲ್’, ಎಲ್ಲ ಅಮೆರಿಕದವರದ್ದೇ. ನಾನು ಕರ್ನಾಟಕ ಸಂಗೀತ ಬಿಟ್ಟು ಬೇರೆ ಕೇಳಿದವಳಲ್ಲ. ಇದರಲ್ಲಿ ಹಾಡುವವರೂ ಇಲ್ಲ. ನನಗೆ ಅರ್ಥವಾದೀತೇ? ಚಪ್ಪಾಳೆ ಯಾವಾಗ ತಟ್ಟಬೇಕು?

ಉತ್ತರ: ಖಂಡಿತ ಹೋಗಿ. ವೀಣೆ ಕಛೇರಿಯಲ್ಲೂ ಯಾರೂ ಹಾಡುವುದಿಲ್ಲ, ಆದರೂ ಮನಸ್ಸಿಟ್ಟು ಕೇಳುತ್ತೀರಿ ಅಲ್ವಾ? ಇಲ್ಲಿ ರಾಗ ಹುಡುಕುತ್ತಾ ಕೂತರೆ ಸುಮ್ನೆ ಸುಸ್ತಾಗುತ್ತೀರಿ. ಯಾವ ವಾದ್ಯ ಯಾವುದರ ಜೊತೆ ಮಾತಾಡುತ್ತಿದೆ ಅನ್ನೋದನ್ನು ಗಮನಿಸಿ.

ಐವ್ಸ್ ಇನ್ಶೂರೆನ್ಸ್ ವ್ಯವಹಾರ ನಡೆಸುತ್ತಲೇ ಸಂಗೀತ ಬರೆದವರು. ಈ ಕೃತಿ ಬರೆದದ್ದು 1908ರಲ್ಲಿ, ಜನ ಮೊದಲು ಕೇಳಿದ್ದು 1946ರಲ್ಲಿ. ಪಿಟೀಲು ಮತ್ತು ಉಳಿದ ತಂತಿವಾದ್ಯಗಳು ಮೊದಲಿಂದ ಕೊನೆಯವರೆಗೆ ತುಂಬಾ ಮೆಲ್ಲಗೆ, ಯಾವ ಗಡಿಬಿಡಿಯೂ ಇಲ್ಲದೆ ನುಡಿಯುತ್ತಿರುತ್ತವೆ. ನಡುವೆ ತುತ್ತೂರಿಯಂಥ ಟ್ರಂಪೆಟ್ ಒಂದು ಪ್ರಶ್ನೆ ಕೇಳುತ್ತದೆ. ಕೊಳಲುಗಳು ಉತ್ತರಿಸುತ್ತವೆ. ಮತ್ತೆ ಅದೇ ಪ್ರಶ್ನೆ. ಉತ್ತರ ಹೇಳಿ ಹೇಳಿ ಕೊಳಲುಗಳಿಗೆ ಸಿಟ್ಟು ಜಾಸ್ತಿಯಾಗುತ್ತದೆ, ಕಿರುಚುತ್ತವೆ. ಏಳನೇ ಸಲ ಕೇಳಿದಾಗ ಉತ್ತರವೇ ಬರುವುದಿಲ್ಲ. ಆ ಹೊತ್ತಿನ ಮೌನಕ್ಕೆ ಇಡೀ ಕಛೇರಿ ಕೇಳಬಹುದು ಅನ್ನುತ್ತೇನೆ ನಾನು.

ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾಕ್ಕೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ. ಪ್ರೈಸ್ ಸಿಂಫನಿ ಮೊದಲು ನುಡಿದದ್ದು ನೀವಿರುವ ಶಿಕಾಗೋದಲ್ಲೇ, 1933ರಲ್ಲಿ. ಕಪ್ಪು ಮಹಿಳೆಯೊಬ್ಬರ ಸಿಂಫನಿಯನ್ನು ಅಮೆರಿಕದ ದೊಡ್ಡ ಆರ್ಕೆಸ್ಟ್ರಾ ನುಡಿಸಿದ್ದು ಅದೇ ಮೊದಲು. ಮೂರನೇ ಭಾಗದಲ್ಲಿ ಜೂಬಾ ಕುಣಿತ ಬರುತ್ತದೆ. ಗುಲಾಮಗಿರಿಯ ಕಾಲದಲ್ಲಿ ಕಪ್ಪು ಜನ ಕೈಯಿಂದ ಮೈ, ತೊಡೆ ತಟ್ಟಿ ತಾಳ ಹಾಕುತ್ತಿದ್ದ ಕುಣಿತ ಅದು. ತಾಳ ಬಲ್ಲ ನಿಮ್ಮ ಕೈ ತಾನಾಗಿ ಅಲ್ಲಾಡುತ್ತದೆ, ನೋಡಿ. ಆದರೆ ಸಿಂಫನಿಯಲ್ಲಿ ನಾಲ್ಕು ಭಾಗಗಳಿವೆ, ಮಧ್ಯೆ ನಿಲ್ಲಿಸುತ್ತಾರೆ, ಅಲ್ಲೆಲ್ಲ ಸಾಮಾನ್ಯವಾಗಿ ಚಪ್ಪಾಳೆ ತಟ್ಟುವುದಿಲ್ಲ.

‘ಬ್ಲೂ ಕೆಥೀಡ್ರಲ್’ ಅನ್ನು ಹಿಗ್ಡನ್ ಬರೆದದ್ದು ತೀರಿಕೊಂಡ ತಮ್ಮನ ನೆನಪಿಗೆ. ಅವನ ಹೆಸರಲ್ಲಿ ‘ಬ್ಲೂ’ ಇತ್ತು. ಅಕ್ಕನದು ಕೊಳಲು, ತಮ್ಮನದು ಕ್ಲಾರಿನೆಟ್. ಅಕ್ಕ ದೊಡ್ಡವಳಾದ್ದರಿಂದ ಕೊಳಲು ಮೊದಲು ಬರುತ್ತದೆ, ಆಮೇಲೆ ಕ್ಲಾರಿನೆಟ್. ಕೊನೆಗೆ ಕೊಳಲು ನಿಂತುಬಿಡುತ್ತದೆ, ಕ್ಲಾರಿನೆಟ್ ಒಂದೇ ಮೇಲಕ್ಕೆ ಹೋಗುತ್ತಿರುತ್ತದೆ. ಇದು ಗೊತ್ತಿದ್ದು ಕೇಳಿದರೆ ಕಣ್ಣು ತುಂಬುತ್ತದೆ. ಮುಗಿದ ಕೂಡಲೇ ಚಪ್ಪಾಳೆ ಬೇಡ, ಎದುರು ನಿಂತು ಕೈಸನ್ನೆಯಲ್ಲಿ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೈ ಕೆಳಗಿಳಿಸುವವರೆಗೂ ಕಾಯಿರಿ.