ಕೋಶಗಳು ಚೀಲದಲ್ಲಿ ಏನನ್ನು ಕಳಿಸುತ್ತವೆ?

ಪ್ರಶ್ನೆ: ರೋಗನಿರೋಧಕ ಕೋಶಗಳು ಮೈಕ್ರೋ ಆರ್‌ಎನ್‌ಎಯನ್ನು ಪುಟ್ಟ ಚೀಲಗಳಲ್ಲಿ ತುಂಬಿ ಬೇರೆ ಕೋಶಗಳಿಗೆ ಕಳಿಸುತ್ತವಂತೆ, ನಿಜವೇ? ‘ಎಕ್ಸೋಸೋಮ್ ಇಂಜೆಕ್ಷನ್’ ಅಂತ ಜಾಹೀರಾತೂ ಬರುತ್ತಿದೆ. ತಗೊಳ್ಳಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲನೆಯದು ನಿಜ. ಎಕ್ಸೋಸೋಮ್ ಅಂದರೆ ಕೊಬ್ಬಿನ ಪೊರೆಯ ಚೀಲ, ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ಒಳಗಿರುವ ಮೈಕ್ರೋ ಆರ್‌ಎನ್‌ಎ ಆರ್‌ಎನ್‌ಎಯ ಪುಟ್ಟ ತುಣುಕು, ಬರೀ 22 ರಾಸಾಯನಿಕ ‘ಅಕ್ಷರ’ಗಳಷ್ಟು ಉದ್ದ. ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ, ಬೇರೆ ಜೀನ್‌ಗಳ ಪ್ರೋಟೀನ್ ತಯಾರಿಕೆಯನ್ನು ಅದು ತಗ್ಗಿಸುತ್ತದೆ.

2007ರಲ್ಲಿ ಸ್ವೀಡನ್ನಿನ ಯಾನ್ ಲೋಟ್ವಾಲ್ ತಂಡ, ಅಲರ್ಜಿಯಾದಾಗ ಹಿಸ್ಟಮಿನ್ ಬಿಡುವ ಮಾಸ್ಟ್ ಕೋಶಗಳ ಚೀಲಗಳಲ್ಲಿ ಮೈಕ್ರೋ ಆರ್‌ಎನ್‌ಎ ಮತ್ತು ಪ್ರೋಟೀನಿನ ಸೂಚನೆ ಹೊರುವ ಎಂಆರ್‌ಎನ್‌ಎ ಎರಡನ್ನೂ ಕಂಡಿತು. ಇಲಿಯ ಕೋಶದ ಚೀಲಗಳನ್ನು ಮನುಷ್ಯರ ಮಾಸ್ಟ್ ಕೋಶಗಳಿಗೆ ಕೊಟ್ಟಾಗ, ಆ ಕೋಶಗಳಲ್ಲಿ ಇಲಿಯ ಪ್ರೋಟೀನ್ ಕಾಣಿಸಿತು! ನನಗೆ ಇವತ್ತಿಗೂ ರೋಮಾಂಚನ ತರುವ ಪ್ರಯೋಗ ಇದು. 2011ರಲ್ಲಿ ಸ್ಪೇನ್‌ನ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಟಿ ಕೋಶವು (ಇದೂ ಒಂದು ರೋಗನಿರೋಧಕ ಕೋಶ) ತನಗೆ ರೋಗಾಣುವಿನ ತುಣುಕು ತೋರಿಸುವ ಕೋಶಕ್ಕೆ ಅಂಟಿಕೊಂಡಾಗ, ಆ ಜಾಗದಲ್ಲೇ ಮೈಕ್ರೋ ಆರ್‌ಎನ್‌ಎ ದಾಟುತ್ತದೆ, ಅದೂ ಒಂದೇ ದಿಕ್ಕಿನಲ್ಲಿ.

ಆದರೆ ಪ್ರಮಾಣ ತುಂಬಾ ಕಡಿಮೆ. 2014ರಲ್ಲಿ ಎಣಿಸಿ ನೋಡಿದಾಗ, ಯಾವುದೇ ಒಂದು ಬಗೆಯ ಮೈಕ್ರೋ ಆರ್‌ಎನ್‌ಎ ಸರಾಸರಿ ಚೀಲಕ್ಕೊಂದೂ ಇರಲಿಲ್ಲ. ಹಾಗಾಗಿ ದೇಹದೊಳಗೆ ಇದರ ಪರಿಣಾಮ ಎಷ್ಟು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ.

ಇಂಜೆಕ್ಷನ್ ಬೇಡ. ಅನುಮತಿಯಿಲ್ಲದ ಎಕ್ಸೋಸೋಮ್ ಉತ್ಪನ್ನಗಳಿಂದ ಕೆಲವರಿಗೆ ಗಂಭೀರ ತೊಂದರೆಯಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಜನರನ್ನು ಎಚ್ಚರಿಸಿತ್ತು. ಯಾರಾದರೂ ಒತ್ತಾಯಿಸಿದರೆ, ಯಾವ ಅನುಮತಿ ಇದೆ ಅಂತ ಕಾಗದದಲ್ಲಿ ಕೇಳಿ.