ಎಡಕ್ಕೆ ಹಾಕಿದರೂ ನಾಲ್ಕೂ ಮಿನುಗುತ್ತವೆ, ಏನು ಮಾಡಲಿ?

ಪ್ರಶ್ನೆ: ನಮ್ಮ ತೋಟದಲ್ಲಿ ತಂದೆಯವರ ಕಾಲದ ಫಾರ್ಗೋ ಲಾರಿ ಇದೆ, 12 ವೋಲ್ಟ್ ಬ್ಯಾಟರಿ. ಇಂಡಿಕೇಟರ್ ತುಂಬ ಮಂಕು ಅಂತ ನಾಲ್ಕಕ್ಕೂ ಎಲ್‌ಇಡಿ ಬಲ್ಬು ಹಾಕಿಸಿದೆ. ಮಿನುಗಲೇ ಇಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರ್ (ಇಂಡಿಕೇಟರನ್ನು ಮಿನುಗಿಸುವ ಡಬ್ಬಿ) ಹಾಕಿದ ಮೇಲೆ ಎಡಕ್ಕೆ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ಒಟ್ಟಿಗೆ ಮಿನುಗುತ್ತವೆ. ಸ್ವಿಚ್ ಬದಲಾಯಿಸಿದರೂ ಅದೇ ಕತೆ. ಪೂರ್ತಿ ವೈರಿಂಗ್ ಹೊಸದಾಗಿ ಎಳೀಬೇಕು ಅಂತಾರೆ. ಹೌದಾ?
- ಓದುಗರೊಬ್ಬರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಒಂದು ವೈರನ್ನೂ ಕೀಳಬೇಡಿ. ಮೀಟರ್ ಬೋರ್ಡಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಪೈಲಟ್ ಲ್ಯಾಂಪ್, ಅಂದರೆ ಇಂಡಿಕೇಟರ್ ಹಾಕಿದ್ದನ್ನು ಡ್ರೈವರಿಗೆ ತೋರಿಸುವ ಪುಟ್ಟ ದೀಪ, ಇದೆಯಾ ನೋಡಿ. ಇದ್ದರೆ ಅದರ ಬಲ್ಬು ತೆಗೆದು ಇಂಡಿಕೇಟರ್ ಆನ್ ಮಾಡಿ. ಈಗ ಎಡ, ಬಲ ಬೇರೆಬೇರೆಯಾಗಿ ಮಿನುಗಿದರೆ ನಿಮ್ಮ ಸ್ವಿಚ್ಚೂ ಸರಿ, ವೈರಿಂಗೂ ಸರಿ.

ಇಂಥ ಪೈಲಟ್ ಲ್ಯಾಂಪಿಗೆ ಸ್ವಂತ ಅರ್ತ್, ಅಂದರೆ ಗಾಡಿಯ ಚಾಸಿ (ಲೋಹದ ಚೌಕಟ್ಟು) ಮೂಲಕ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಇರುವುದಿಲ್ಲ. ಒಂದು ತುದಿ ಎಡದ ವೈರಿಗೆ, ಇನ್ನೊಂದು ಬಲದ ವೈರಿಗೆ. ಎಡಕ್ಕೆ ಹಾಕಿದಾಗ ಕರೆಂಟ್ ಪೈಲಟ್ ದಾಟಿ, ಬಲಗಡೆ ಬಲ್ಬುಗಳ ಫಿಲಮೆಂಟ್ ಮೂಲಕ ಅರ್ತ್ ಸೇರುತ್ತದೆ. ಪೈಲಟ್ ಸುಮಾರು 2 ವ್ಯಾಟ್‌ನದು, ಅದರಲ್ಲಿ ಹಾಯುವ ಚೂರು ಕರೆಂಟಿಗೆ 21 ವ್ಯಾಟ್ ಬಲ್ಬು ಹೊತ್ತುವುದಿಲ್ಲ, ಆದರೆ ಎಲ್‌ಇಡಿಗೆ ಅಷ್ಟೇ ಸಾಕು, ಅದಕ್ಕೇ ನಾಲ್ಕೂ ಮಿನುಗುತ್ತಿವೆ. ಮೊದಲು ಮಿನುಗದೇ ಇದ್ದದ್ದೂ ಎಲ್‌ಇಡಿಯಿಂದಲೇ. ಹಳೇ ಫ್ಲ್ಯಾಷರಿನ ಪಟ್ಟಿ ಬಿಸಿಯಾಗಿ ಬಾಗಬೇಕಾದರೆ ಎರಡು ಬಲ್ಬು ಸೇರಿ ಮೂರೂವರೆ ಆಂಪಿಯರ್ ಎಳೆಯಬೇಕು, ಎಲ್‌ಇಡಿ ಎಲ್ಲಿ ಎಳೆಯುತ್ತದೆ?

ರಿಪೇರಿ ಸುಲಭ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಎರಡು ತನ್ನಿ, ಯಾವ ರೇಡಿಯೋ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪೈಲಟಿನ ಎರಡೂ ವೈರ್ ಬಿಚ್ಚಿ ಒಂದೊಂದಕ್ಕೆ ಒಂದೊಂದು ಡಯೋಡ್ ಬೆಸುಗೆ ಹಾಕಿ, ಬೆಳ್ಳಿ ಗೆರೆ ಇರುವ ತುದಿಗಳೆರಡನ್ನೂ ಸೇರಿಸಿ ಬಲ್ಬಿನ ಒಂದು ಕಡೆಗೆ ಕೊಡಿ, ಇನ್ನೊಂದು ಕಡೆ ಚಾಸಿಗೆ ಅರ್ತ್ ಮಾಡಿ. ಬ್ಯಾಟರಿಯ ಪ್ಲಸ್ ಚಾಸಿಗೆ ಕಟ್ಟಿರುವ ಗಾಡಿಯಾದರೆ ಡಯೋಡ್ ತಿರುಗಿಸಿ ಹಾಕಬೇಕು.

ಆದರೆ ನಾನಾಗಿದ್ದರೆ ಎಲ್‌ಇಡಿ ತೆಗೆದು ಹಳೇ 21 ವ್ಯಾಟ್ ಬಲ್ಬನ್ನೇ ಹಾಕುತ್ತಿದ್ದೆ. ಇಷ್ಟು ವರ್ಷ ಉಳಿದು ಬಂದ ಗಾಡಿ, ಇದ್ದ ಹಾಗೇ ಇರಲಿ ಅನ್ನುವ ಆಸೆ ನನಗೆ ಜಾಸ್ತಿ. ಮೊದಲು ಮಂಕಾಗಿದ್ದು ಯಾಕೆ ಅಂತ ಯಾರೂ ನೋಡಲೇ ಇಲ್ಲ ಅಲ್ವಾ? ಅದು ಹೆಚ್ಚಾಗಿ ಅರ್ತ್ ತೊಂದರೆ. ಲಾರಿಯ ಹಿಂದಿನ ಲೈಟು ಮರದ ಬಾಡಿ ಮೇಲೆ ಕೂತಿದ್ದರೆ ಮರದಲ್ಲಿ ಅರ್ತ್ ಎಲ್ಲಿಂದ ಬರಬೇಕು, ಪ್ರತ್ಯೇಕ ವೈರ್ ಚಾಸಿಗೆ ಬರಲೇಬೇಕು. ಮಲೆನಾಡಿನ ಮಳೆಗೆ ಆ ನಟ್ಟು ತುಕ್ಕು ಹಿಡಿಯದೆ ಇರುತ್ತದಾ? ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟೂ ಮಂಕಾಗಿ ಮಿನುಗುತ್ತಿತ್ತಾ, ನೆನಪು ಮಾಡಿಕೊಳ್ಳಿ. ಹಾಗಿದ್ದರೆ ಅನುಮಾನವೇ ಬೇಡ.

21 ವ್ಯಾಟ್ ಬಲ್ಬು ಹಾಕಿ, ಅದು ಉರಿಯುವಾಗ ಮಲ್ಟಿಮೀಟರಿನ ಒಂದು ಮುಳ್ಳು ಹೋಲ್ಡರಿನ ಲೋಹಕ್ಕೆ, ಇನ್ನೊಂದು ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ನಟ್ಟು ಬಿಚ್ಚಿ, ಉಪ್ಪು ಕಾಗದದಲ್ಲಿ ತುಕ್ಕು ತಿಕ್ಕಿ ತೆಗೆದು, ಹೊಸ ಅರ್ತ್ ವೈರ್ ಹಾಕಿ ಗ್ರೀಸ್ ಹಚ್ಚಿ. ಬಲ್ಬು ಆರಿದ್ದಾಗ ಅಳೆದರೆ ಏನೂ ಗೊತ್ತಾಗುವುದಿಲ್ಲ. ಎಲ್ಲ ಮುಗಿದ ಮೇಲೆ ಎಣಿಸಿ ನೋಡಿ, ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು.